‘ಎಲ್ಲ ಸ್ಕೀಮ್ ನಿಲ್ಲಿಸಿ ಕೈಗೇ ದುಡ್ಡು ಕೊಡ್ತೀವಿ’ ಅಂದರೆ ಲೆಕ್ಕ ನೋಡೋದು ಹೇಗೆ

ಬಜೆಟ್ ಹತ್ತಿರ ಬಂದಾಗ, ಚುನಾವಣೆ ಹತ್ತಿರ ಬಂದಾಗ ಒಂದು ಮಾತು ಮತ್ತೆ ಮತ್ತೆ ಕೇಳಿಬರುತ್ತದೆ. ಪಡಿತರ, ಗೊಬ್ಬರದ ಸಬ್ಸಿಡಿ, ಗ್ಯಾಸ್ ಸಬ್ಸಿಡಿ, ನರೇಗಾ ಅಂತ ಇಷ್ಟೊಂದು ಯೋಜನೆ ಯಾಕೆ ಬೇಕು, ಎಲ್ಲ ನಿಲ್ಲಿಸಿ ಪ್ರತಿಯೊಬ್ಬರ ಖಾತೆಗೆ ತಿಂಗಳು ತಿಂಗಳು ದುಡ್ಡು ಹಾಕಿಬಿಟ್ಟರೆ ಮುಗೀತಲ್ಲ ಅಂತ. ಮೂಲ ಆದಾಯ, ಯುಬಿಐ (ಯೂನಿವರ್ಸಲ್ ಬೇಸಿಕ್ ಇನ್ಕಮ್) ಅಂತೆಲ್ಲ ಕರೆಯುವುದು ಇದನ್ನೇ.

ಈ ಮಾತಿನಲ್ಲಿ ಎರಡು ಭಾಗ ಇದೆ. ‘ದುಡ್ಡು ಕೊಡಿ’ ಅನ್ನೋದು ಒಂದು, ‘ಉಳಿದದ್ದು ನಿಲ್ಲಿಸಿ’ ಅನ್ನೋದು ಇನ್ನೊಂದು. ಮೊದಲನೆಯದು ನನಗೆ ತುಂಬ ಇಷ್ಟ. ಬಡವರ ಕೈಗೆ ದುಡ್ಡು ಕೊಟ್ಟರೆ ಹಾಳು ಮಾಡುತ್ತಾರೆ ಅನ್ನೋ ವಾದವನ್ನು ನಾನು ಒಪ್ಪುವುದಿಲ್ಲ. ಆದರೆ ಎರಡನೆಯದನ್ನು ಲೆಕ್ಕ ಹಾಕದೆ ಒಪ್ಪಿಕೊಂಡರೆ ಪೆಟ್ಟು ಬೀಳುವುದು ತೀರಾ ಬಡವರಿಗೇ. ಈ ಲೆಕ್ಕ ಹಾಕಲು ಅರ್ಥಶಾಸ್ತ್ರ ಓದಿರಬೇಕಾಗಿಲ್ಲ. ಒಂದು ಹಾಳೆ, ಪೆನ್ನು, ಮೊಬೈಲ್‌ನಲ್ಲಿರುವ ಕ್ಯಾಲ್ಕುಲೇಟರ್ ಸಾಕು.

ಎಲ್ಲರಿಗೂ ಯಾಕೆ ಇಷ್ಟ ಆಗುತ್ತದೆ?

ಲೆಕ್ಕಕ್ಕೆ ಕೂರುವ ಮೊದಲು ಇದನ್ನು ತಿಳಿದುಕೊಳ್ಳಿ. ಯಾಕೆಂದರೆ ಇಷ್ಟು ವಿರುದ್ಧ ದಿಕ್ಕಿನ ಜನ ಒಟ್ಟಿಗೆ ಒಪ್ಪುವ ವಿಚಾರ ಬೇರೆ ಸಿಗುವುದು ಕಷ್ಟ.

ಸರ್ಕಾರ ಚಿಕ್ಕದಿರಬೇಕು ಅನ್ನುತ್ತಿದ್ದ ಅಮೆರಿಕದ ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ 1962ರಲ್ಲೇ ಇದರ ಒಂದು ರೂಪವನ್ನು ಮುಂದಿಟ್ಟರು. ಆದಾಯ ಒಂದು ಮಟ್ಟಕ್ಕಿಂತ ಕಡಿಮೆ ಇದ್ದವರಿಂದ ತೆರಿಗೆ ತೆಗೆದುಕೊಳ್ಳುವ ಬದಲು ಸರ್ಕಾರವೇ ಅವರಿಗೆ ದುಡ್ಡು ಕೊಡಬೇಕು, ಬೇರೆ ಬೇರೆ ನೆರವಿನ ಯೋಜನೆಗಳನ್ನು ಕೈಬಿಡಬೇಕು ಅಂತ. 1969ರಲ್ಲಿ ಅಧ್ಯಕ್ಷ ನಿಕ್ಸನ್ ಬಡ ಕುಟುಂಬಗಳಿಗೆ ಕನಿಷ್ಠ ಆದಾಯ ಕೊಡುವ ಯೋಜನೆ ತಂದರು. ಅದು 1970ರಲ್ಲಿ ಅಲ್ಲಿನ ಕೆಳಮನೆಯಲ್ಲಿ ಪಾಸಾಯಿತು, ಸೆನೆಟ್‌ನಲ್ಲಿ ಬಿದ್ದುಹೋಯಿತು. ಮೊತ್ತ ಜಾಸ್ತಿಯಾಯಿತು ಅಂದವರೂ ವಿರೋಧಿಸಿದರು, ಕಡಿಮೆಯಾಯಿತು ಅಂದವರೂ ವಿರೋಧಿಸಿದರು. 2006ರಲ್ಲಿ ಅಮೆರಿಕದ ಲೇಖಕ ಚಾರ್ಲ್ಸ್ ಮರ್ರೆ ಇನ್ನೂ ಮುಂದೆ ಹೋದರು. 21 ದಾಟಿದ ಪ್ರತಿಯೊಬ್ಬರಿಗೆ ವರ್ಷಕ್ಕೆ 10 ಸಾವಿರ ಡಾಲರ್ ಕೊಡಿ, ಹಿರಿಯರ ಪಿಂಚಣಿಯಿಂದ ಹಿಡಿದು ಬಡವರ ಆರೋಗ್ಯ ಯೋಜನೆಯವರೆಗೆ ಎಲ್ಲವನ್ನೂ ಮುಚ್ಚಿ ಅಂದರು.

ಇನ್ನೊಂದು ಕಡೆ ಎಡಪಂಥದವರೂ ಇದನ್ನೇ ಕೇಳುತ್ತಾರೆ. ಬಡವರು ಕಚೇರಿಯಿಂದ ಕಚೇರಿಗೆ ಅಲೆದು ತಾವು ಬಡವರು ಅಂತ ಸಾಬೀತು ಮಾಡುವ ಅವಮಾನ ತಪ್ಪಲಿ, ಸಂಬಳ ಇಲ್ಲದೆ ಮನೆಯಲ್ಲಿ ದುಡಿಯುವ ಹೆಂಗಸಿಗೂ ಒಂದಿಷ್ಟು ಸ್ವಂತ ದುಡ್ಡು ಇರಲಿ ಅನ್ನೋದು ಅವರ ವಾದ. ತಹಶೀಲ್ದಾರ್ ಕಚೇರಿ ಮುಂದೆ ಆದಾಯ ಪ್ರಮಾಣಪತ್ರಕ್ಕೆ ನಿಂತವರಿಗೆ ಈ ವಾದ ಬಿಡಿಸಿ ಹೇಳಬೇಕಾಗಿಲ್ಲ.

ಹೀಗೆ ಒಬ್ಬರಿಗೆ ಸರ್ಕಾರ ಚಿಕ್ಕದಾಗುವ ಆಸೆ, ಇನ್ನೊಬ್ಬರಿಗೆ ಬಡವರ ಕೈ ಬಲವಾಗುವ ಆಸೆ. ಎಷ್ಟು ದುಡ್ಡು, ಯಾವ ಯೋಜನೆ ಬಂದ್ ಅನ್ನೋ ಎರಡು ಜಾಗ ಖಾಲಿ ಇರುವವರೆಗೆ ಮಾತ್ರ ಇಬ್ಬರೂ ಒಂದೇ ಕಡೆ ಇರುತ್ತಾರೆ. ಅವನ್ನು ತುಂಬಿದ ಕೂಡಲೇ ಬೇರೆಯಾಗುತ್ತಾರೆ. ಹಾಗಾಗಿ ನೀವು ಮಾಡಬೇಕಾದ ಮೊದಲ ಕೆಲಸವೇ ಆ ಎರಡು ಜಾಗ ತುಂಬಿಸುವುದು.

ನಿಲ್ಲಿಸುವ ಪಟ್ಟಿ ಕೇಳಿ, ಆಮೇಲೆ ಭಾಗಿಸಿ

ನಮ್ಮ ದೇಶದಲ್ಲಿ ಈ ಚರ್ಚೆಗೆ ತೂಕ ಬಂದದ್ದು 2016-17ರ ಆರ್ಥಿಕ ಸಮೀಕ್ಷೆಯಿಂದ. ಆಗ ಮುಖ್ಯ ಆರ್ಥಿಕ ಸಲಹೆಗಾರರಾಗಿದ್ದ ಅರವಿಂದ್ ಸುಬ್ರಮಣಿಯನ್ ಇದಕ್ಕಾಗಿ ಒಂದು ಇಡೀ ಅಧ್ಯಾಯ ಮೀಸಲಿಟ್ಟರು. ಕೇಂದ್ರದ ಸುಮಾರು 950 ಯೋಜನೆಗಳಿವೆ, ಬಡವರು ಜಾಸ್ತಿ ಇರುವ ಜಿಲ್ಲೆಗಳಿಗೇ ದುಡ್ಡು ಕಡಿಮೆ ಹೋಗುತ್ತಿದೆ ಅಂತ ಅದು ತೋರಿಸಿತು. ಆ ಮಾತು ಸುಳ್ಳಲ್ಲ. ತಲೆಗೆ ವರ್ಷಕ್ಕೆ ₹7,620ರಂತೆ ಜನಸಂಖ್ಯೆಯ ಮುಕ್ಕಾಲು ಭಾಗಕ್ಕೆ ಕೊಟ್ಟರೆ ಜಿಡಿಪಿಯ 4.9% ಬೇಕಾಗುತ್ತದೆ ಅಂತ ಲೆಕ್ಕವನ್ನೂ ಕೊಟ್ಟಿತು. ವರ್ಷಕ್ಕೆ ₹7,620 ಅಂದರೆ ತಿಂಗಳಿಗೆ ₹635. ಜಾರಿಗೆ ಕಾಲ ಇನ್ನೂ ಬಂದಿಲ್ಲ, ಗಂಭೀರ ಚರ್ಚೆಗೆ ಬಂದಿದೆ ಅನ್ನೋದು ಅವರ ನಿಲುವಾಗಿತ್ತು.

ಈಗ ನಿಮ್ಮ ಹಾಳೆಯಲ್ಲಿ 2025-26ರ ಕೇಂದ್ರ ಬಜೆಟ್‌ನ ಐದು ದೊಡ್ಡ ಬಾಬ್ತು ಬರೆದುಕೊಳ್ಳಿ. ಆಹಾರ ಸಬ್ಸಿಡಿ ಸುಮಾರು ₹2.03 ಲಕ್ಷ ಕೋಟಿ. ಗೊಬ್ಬರ ಸುಮಾರು ₹1.68 ಲಕ್ಷ ಕೋಟಿ. ನರೇಗಾ ₹86 ಸಾವಿರ ಕೋಟಿ. ಪಿಎಂ ಕಿಸಾನ್ ₹63,500 ಕೋಟಿ. ಅಡುಗೆ ಗ್ಯಾಸ್ ಸುಮಾರು ₹12 ಸಾವಿರ ಕೋಟಿ. ಕೂಡಿದರೆ ಹತ್ತಿರ ಹತ್ತಿರ ₹5.33 ಲಕ್ಷ ಕೋಟಿ.

ಇದನ್ನು 140 ಕೋಟಿ ಜನಕ್ಕೆ ಹಂಚಿ. ತಲೆಗೆ ವರ್ಷಕ್ಕೆ ಸುಮಾರು ₹3,800 ಬರುತ್ತದೆ, ತಿಂಗಳಿಗೆ ಸುಮಾರು ₹317.

ಪಡಿತರ, ಗೊಬ್ಬರ, ನರೇಗಾ, ಕಿಸಾನ್, ಗ್ಯಾಸ್ ಅಷ್ಟನ್ನೂ ತೆಗೆದರೆ ಸಿಗುವುದು ₹317! ನಾಲ್ಕು ಜನರ ಮನೆಗೆ ₹1,268. ಕರ್ನಾಟಕದ ಗೃಹಲಕ್ಷ್ಮಿಯಲ್ಲೇ ಮನೆಯೊಡತಿಗೆ ತಿಂಗಳಿಗೆ ₹2,000 ಇದೆ, ಅದೂ ಪಡಿತರ ನಿಲ್ಲಿಸದೆ. ಸರಿ, ತಲೆಗೆ ₹1,000 ಕೊಡೋಣ ಅಂತೀರಾ? ಆಗ ವರ್ಷಕ್ಕೆ ₹16.8 ಲಕ್ಷ ಕೋಟಿ ಬೇಕು. 2025-26ರ ಕೇಂದ್ರ ಬಜೆಟ್‌ನ ಒಟ್ಟು ಖರ್ಚೇ ಸುಮಾರು ₹50.65 ಲಕ್ಷ ಕೋಟಿ. ಅದರ ಮೂರನೇ ಒಂದು ಭಾಗ ಇದಕ್ಕೇ ಹೋಗುತ್ತದೆ. ಇಷ್ಟು ದುಡ್ಡು ಹೊಸ ತೆರಿಗೆಯಿಂದ ಬರುತ್ತದೆ ಅಂತ ಯಾರಾದರೂ ಎದೆ ತಟ್ಟಿ ಹೇಳಿದರೆ ಅವರ ಜೊತೆ ಮಾತಾಡಬಹುದು. ‘ಸೋರಿಕೆ ನಿಲ್ಲಿಸಿದರೆ ಸಾಕು’ ಅಂದರೆ ಅವರು ಈ ಭಾಗಾಕಾರ ಮಾಡಿಲ್ಲ ಅಂತ ಅರ್ಥ.

ಯಾಕೆ ಇಷ್ಟು ಕಡಿಮೆ ಬಂತು ನೋಡಿ. ಆಹಾರ ಸಬ್ಸಿಡಿ ಹೋಗುತ್ತಿರುವುದು ಸುಮಾರು 80 ಕೋಟಿ ಜನಕ್ಕೆ. ಅದೇ ದುಡ್ಡು 140 ಕೋಟಿಗೆ ಹಂಚಿದರೆ 80 ಕೋಟಿಯ ಪಾಲು ಕರಗಲೇಬೇಕು. ತಲೆಗೆ ತಿಂಗಳಿಗೆ ಸುಮಾರು ₹211 ಇದ್ದದ್ದು ₹121 ಆಗುತ್ತದೆ. ಇದರಲ್ಲಿ ಯಾರ ಮೋಸವೂ ಇಲ್ಲ, ಬರೀ ಗಣಿತ. ಎಲ್ಲರಿಗೂ ಕೊಟ್ಟು ಶ್ರೀಮಂತರ ಪಾಲನ್ನು ತೆರಿಗೆಯಲ್ಲಿ ವಾಪಸ್ ಪಡೆಯಬಹುದು ಅನ್ನೋ ಉತ್ತರ ಯುರೋಪಿನಲ್ಲಿ ನಡೆಯಬಹುದು. ಆದಾಯ ತೆರಿಗೆ ಕಟ್ಟುವವರೇ ಕಡಿಮೆ ಇರುವ ನಮ್ಮಲ್ಲಿ ಅದು ಸುಲಭ ಅಲ್ಲ.

ಒಂದು ಮನೆ ಹಿಡಿದು ಲೆಕ್ಕ ಹಾಕಿ

ದೇಶದ ಲೆಕ್ಕ ಆದ ಮೇಲೆ ಮನೆಯ ಲೆಕ್ಕ. ನಿಮಗೆ ಗೊತ್ತಿರುವ ಮನೆಯನ್ನೇ ತೆಗೆದುಕೊಳ್ಳಿ. ನಾನು ಇಲ್ಲಿ ರಾಯಚೂರು ಕಡೆಯ, ಹೊಲ ಇಲ್ಲದ ಐದು ಜನರ ಮನೆ ಅಂತ ಇಟ್ಟುಕೊಳ್ಳುತ್ತೇನೆ.

ಕೇಂದ್ರದ ಪಡಿತರ ತಲೆಗೆ 5 ಕೆಜಿ, ಒಟ್ಟು 25 ಕೆಜಿ. ಕೆಜಿಗೆ ₹40 ಅಂತ ಹಿಡಿದರೆ ₹1,000. ನಿಮ್ಮ ಊರಿನ ಅಂಗಡಿ ರೇಟು ಬೇರೆ ಇದ್ದರೆ ಅದನ್ನೇ ಹಾಕಿ. ವರ್ಷಕ್ಕೆ 60 ದಿನ ನರೇಗಾ ಕೆಲಸ ಸಿಕ್ಕಿತು ಅನ್ನಿ. ಕರ್ನಾಟಕದಲ್ಲಿ 2025-26ರ ಕೂಲಿ ದಿನಕ್ಕೆ ₹370 ಇತ್ತು, ಅಂದರೆ ವರ್ಷಕ್ಕೆ ₹22,200, ತಿಂಗಳಿಗೆ ₹1,850. ಎರಡೂ ಸೇರಿ ₹2,850. ಅದರ ಬದಲು ಐದು ಜನಕ್ಕೆ ₹317ರಂತೆ ಸಿಗುವುದು ₹1,585. ನರೇಗಾ ದುಡ್ಡು ಸುಮ್ನೆ ಬರೋದಲ್ಲ, ದುಡಿದು ಪಡೆಯೋದು, ಅದು ನಿಂತರೆ ಬೇರೆ ಕೂಲಿ ಸಿಗಬಹುದು ಅನ್ನೋ ವಾದ ಸರಿಯೇ. ಆ 60 ದಿನಗಳಲ್ಲಿ ಅರ್ಧದಷ್ಟು ದಿನ ಅಷ್ಟೇ ಕೂಲಿಯ ಬೇರೆ ಕೆಲಸ ಸಿಕ್ಕಿತು ಅಂತಲೇ ಹಿಡಿಯಿರಿ. ಆಗಲೂ ಕಳೆದುಕೊಳ್ಳುವುದು ₹1,925, ಪಡೆಯುವುದು ₹1,585.

ಪಕ್ಕದಲ್ಲೇ ಬೆಂಗಳೂರಿನ ಒಂದು ಮನೆ ಬರೆಯಿರಿ. ಗಂಡ ಹೆಂಡತಿ ಇಬ್ಬರಿಗೂ ಸಂಬಳ, ಎರಡು ಮಕ್ಕಳು, ಪಡಿತರ ಚೀಟಿ ಇಲ್ಲ. ಅವರಿಗೆ ₹1,268 ಬರುತ್ತದೆ, ಕಳೆದುಕೊಳ್ಳುವುದು ಏನೂ ಇಲ್ಲ. ಆಮೇಲೆ ಎರಡೆಕರೆ ರೈತರ ಮನೆಯನ್ನೂ ಬರೆಯಿರಿ. ಪಿಎಂ ಕಿಸಾನ್‌ನ ವರ್ಷದ ₹6,000 ಹೋಗುತ್ತದೆ, ಈಗ ಸುಮಾರು ₹266ಕ್ಕೆ ಸಿಗುವ ಯೂರಿಯಾ ಚೀಲದ ಬೆಲೆ ಹಲವು ಪಟ್ಟು ಏರುತ್ತದೆ. ಮೂರು ಮನೆ ಅಕ್ಕಪಕ್ಕ ಇಟ್ಟು ನೋಡಿದರೆ ಈ ಮಾತಿಗೆ ಯಾವ ಮನೆಯ ಚಪ್ಪಾಳೆ ಜೋರು ಅಂತ ನಿಮಗೇ ಗೊತ್ತಾಗುತ್ತದೆ.

ದುಡ್ಡಿನಲ್ಲಿ ಅಳೆಯಲಾಗದ ಸಾಲು ಒಂದನ್ನೂ ಸೇರಿಸಿ. ಅಂಗನವಾಡಿಯ ಮೊಟ್ಟೆ, ಶಾಲೆಯ ಬಿಸಿಯೂಟ ನೇರವಾಗಿ ಮಗುವಿನ ತಟ್ಟೆಗೆ ಬರುತ್ತದೆ. ದುಡ್ಡಾದರೆ ಮನೆಯ ಖಾತೆಗೆ ಬರುತ್ತದೆ, ಅಲ್ಲಿ ಸಾಲದ ಕಂತು, ಆಸ್ಪತ್ರೆ, ಹಬ್ಬ ಎಲ್ಲದರ ಜೊತೆ ಆ ಮಗುವಿನ ಮೊಟ್ಟೆ ಪೈಪೋಟಿ ಮಾಡಬೇಕು. ಬಿಸಿಯೂಟ ನಿಲ್ಲಿಸುವ ಪಟ್ಟಿಯಲ್ಲಿ ಇದ್ದರೆ ಮುಂದಿನ ಚರ್ಚೆಗೇ ಹೋಗಬೇಡಿ. ಬೇಡ ಅನ್ನಿ.

ಬೆಲೆ ಏರಿದಾಗ ಮೊತ್ತ ಏರುತ್ತದಾ?

ನನ್ನ ಪ್ರಕಾರ ಇಡೀ ವಿಷಯದಲ್ಲಿ ಅತಿ ಮುಖ್ಯವಾದ ಪ್ರಶ್ನೆ ಇದು. ಭಾಷಣದಲ್ಲಿ ಅತಿ ಕಡಿಮೆ ಕೇಳಿಸುವುದೂ ಇದೇ.

ಐದು ಕೆಜಿ ಅಕ್ಕಿ ಬೆಲೆ ಏರಿದರೂ ಐದು ಕೆಜಿಯೇ. ಐನೂರು ರೂಪಾಯಿ ಮಾತ್ರ ಪ್ರತಿ ವರ್ಷ ಸವೆಯುತ್ತದೆ. ಯಾರೂ ಕಡಿತ ಮಾಡಬೇಕಾಗಿಲ್ಲ, ಯಾವ ಸರ್ಕಾರವೂ ಆದೇಶ ಹೊರಡಿಸಬೇಕಾಗಿಲ್ಲ, ಸುಮ್ಮನಿದ್ದರೆ ಸಾಕು. ನಮ್ಮಲ್ಲೇ ಸಾಕ್ಷಿ ಇದೆ. ಇಂದಿರಾ ಗಾಂಧಿ ರಾಷ್ಟ್ರೀಯ ವೃದ್ಧಾಪ್ಯ ವೇತನ 2007ರಲ್ಲಿ ಶುರುವಾದಾಗ ಕೇಂದ್ರದ ಪಾಲು ತಿಂಗಳಿಗೆ ₹200 ಇತ್ತು. 80 ದಾಟದ ಹಿರಿಯರಿಗೆ 2025ರಲ್ಲೂ ಅದೇ ₹200. ಮೇಲಿನದನ್ನು ರಾಜ್ಯಗಳು ತಮ್ಮ ಕೈಯಿಂದ ಸೇರಿಸಿ ಕೊಡುತ್ತಿವೆ. ಪಿಎಂ ಕಿಸಾನ್ ಶುರುವಾದ 2019ರಲ್ಲಿ ವರ್ಷಕ್ಕೆ ₹6,000, 2025ರಲ್ಲೂ ₹6,000.

ಇಡೀ ದೇಶದ ಮಟ್ಟದಲ್ಲಿ ಸಬ್ಸಿಡಿ ಕಡಿದು ದುಡ್ಡು ಕೊಟ್ಟವರು ಇರಾನ್‌ನವರು. ಡಿಸೆಂಬರ್ 2010ರಲ್ಲಿ ಅಲ್ಲಿನ ಅಧ್ಯಕ್ಷ ಅಹ್ಮದಿನೆಜಾದ್ ಅವರ ಸರ್ಕಾರ ಪೆಟ್ರೋಲ್, ಡೀಸೆಲ್, ವಿದ್ಯುತ್, ಬ್ರೆಡ್ ಬೆಲೆಗಳನ್ನು ಒಂದೇ ಸಲ ಏರಿಸಿತು. ಕೋಟಾದಲ್ಲಿ ಸಿಗುವ ಪೆಟ್ರೋಲ್ ಬೆಲೆಯೇ ನಾಲ್ಕು ಪಟ್ಟಾಯಿತು. ಬದಲಿಗೆ ಹೆಚ್ಚುಕಡಿಮೆ ಎಲ್ಲರಿಗೂ ತಲೆಗೆ ತಿಂಗಳಿಗೆ 4,55,000 ರಿಯಾಲ್, ಆಗಿನ ಲೆಕ್ಕದಲ್ಲಿ ಸುಮಾರು 45 ಡಾಲರ್. ದುಡ್ಡು ಮೊದಲೇ ಖಾತೆಗೆ ಬಂದಿತ್ತು, ಬೆಲೆ ಏರಿದ ದಿನ ಅದನ್ನು ತೆಗೆಯಲು ಬಿಟ್ಟರು. ಹಾಗಾಗಿ ದೊಡ್ಡ ಗಲಾಟೆ ಆಗಲಿಲ್ಲ, ಬಡತನ ಮೊದಲಿಗೆ ಇಳಿಯಿತು ಕೂಡ. ಆಮೇಲೆ ಹಣದುಬ್ಬರ ಬಂತು, ನಿರ್ಬಂಧಗಳು ಬಂದವು, ರಿಯಾಲ್ ಕುಸಿಯಿತು. ಮೊತ್ತ ಮಾತ್ರ ಹತ್ತು ವರ್ಷಕ್ಕೂ ಹೆಚ್ಚು ಕಾಲ ಅದೇ 4,55,000. ಕೊನೆಗೆ ಅದರ ಬೆಲೆ ಕೆಲವೇ ಡಾಲರ್ ಆಗಿತ್ತು.

ಹಾಗಾಗಿ ಕೇಳಬೇಕಾದದ್ದು ಇಷ್ಟು. ಮೊತ್ತ ಬೆಲೆ ಸೂಚ್ಯಂಕಕ್ಕೆ ತಕ್ಕಂತೆ ತಾನಾಗಿ ಏರುತ್ತದೆ ಅಂತ ಕಾನೂನಿನಲ್ಲಿ ಬರೆಯುತ್ತೀರಾ? ಸರ್ಕಾರಿ ನೌಕರರಿಗೆ ತುಟ್ಟಿಭತ್ಯೆ ಏರುವ ಹಾಗೆ? ‘ಕಾಲಕಾಲಕ್ಕೆ ಪರಿಷ್ಕರಿಸುತ್ತೇವೆ’ ಅನ್ನೋದು ಉತ್ತರ ಆಗುವುದಿಲ್ಲ.

ದುಡ್ಡು ಬಂತು, ಅಕ್ಕಿ ಎಲ್ಲಿದೆ?

ಜಾರ್ಖಂಡ್‌ನ ರಾಂಚಿ ಪಕ್ಕ ನಗ್ಡಿ ಅಂತ ಒಂದು ಬ್ಲಾಕ್ ಇದೆ. 2017ರ ಅಕ್ಟೋಬರ್‌ನಲ್ಲಿ ಅಲ್ಲಿ ಪಡಿತರದ ಸಬ್ಸಿಡಿಯನ್ನು ಖಾತೆಗೆ ಹಾಕಲು ಶುರು ಮಾಡಿದರು. ಜನ ಮೊದಲು ಬ್ಯಾಂಕಿಗೆ ಹೋಗಿ ದುಡ್ಡು ಬಂದಿದೆಯಾ ಅಂತ ನೋಡಬೇಕು, ಆಮೇಲೆ ಅದನ್ನು ತೆಗೆದುಕೊಂಡು ನ್ಯಾಯಬೆಲೆ ಅಂಗಡಿಯಲ್ಲಿ ಕೆಜಿಗೆ ₹32 ಕೊಟ್ಟು ಅಕ್ಕಿ ತರಬೇಕು. ಮೊದಲು ಅದೇ ಅಕ್ಕಿ ₹1ಕ್ಕೆ ಸಿಗುತ್ತಿತ್ತು. ಹಲವು ಖಾತೆ ಇದ್ದವರಿಗೆ ಯಾವ ಖಾತೆಗೆ ಬಂತು ಅಂತಲೇ ಗೊತ್ತಾಗಲಿಲ್ಲ. ಬ್ಯಾಂಕಿಗೆ ಹೋದ ದಿನ ಕೂಲಿ ಹೋಯಿತು. ಜನ ಬೀದಿಗಿಳಿದರು, 2018ರ ಆಗಸ್ಟ್‌ನಲ್ಲಿ ಸರ್ಕಾರ ಹಳೆಯ ಪದ್ಧತಿಗೆ ಮರಳಿತು.

ನಮ್ಮ ಅನ್ನಭಾಗ್ಯದ ಕಥೆ ಇದಕ್ಕಿಂತ ಮೆದು, ಆದರೆ ನೆನಪಿಡಬೇಕಾದದ್ದು. 2023ರಲ್ಲಿ ಹೆಚ್ಚುವರಿ 5 ಕೆಜಿ ಅಕ್ಕಿ ಸಿಗದೇ ಹೋದಾಗ ರಾಜ್ಯ ಸರ್ಕಾರ ಕೆಜಿಗೆ ₹34ರಂತೆ ತಲೆಗೆ ₹170 ಖಾತೆಗೆ ಹಾಕಿತು. ಅಕ್ಕಿ ಇಲ್ಲದ ಕಾಲಕ್ಕೆ ಅದು ಒಳ್ಳೆಯ ತೀರ್ಮಾನವೇ. 2025ರ ಫೆಬ್ರವರಿಯಲ್ಲಿ ಕೇಂದ್ರದಿಂದ ಕೆಜಿಗೆ ₹22.50ಕ್ಕೆ ಅಕ್ಕಿ ಸಿಗುವಂತಾದಾಗ ದುಡ್ಡು ಬಿಟ್ಟು ಮತ್ತೆ ಅಕ್ಕಿ ಕೊಡಲು ನಿರ್ಧರಿಸಿತು. ಸರ್ಕಾರ ಸಗಟಾಗಿ ಕೊಳ್ಳುವ ಬೆಲೆಗೆ ನೀವು ನಾನು ಬಿಡಿಯಾಗಿ ಕೊಳ್ಳಲು ಆಗುವುದಿಲ್ಲ ಅನ್ನೋದು ಇಲ್ಲಿ ನೇರವಾಗಿ ಕಾಣುತ್ತದೆ.

ನಿಮ್ಮ ಊರಿಗೆ ಈ ಪ್ರಶ್ನೆ ಹಾಕಿ ನೋಡಿ. ಬ್ಯಾಂಕ್ ಎಷ್ಟು ದೂರ? ಬ್ಯಾಂಕ್ ಮಿತ್ರ ಬರುತ್ತಾರಾ? ಹೆಬ್ಬೆಟ್ಟು ತಗೊಳ್ಳದ ಅಜ್ಜಿಯರ ಕಥೆ ಏನು? ಆಧಾರ್‌ನಲ್ಲಿ ಒಂದು ಹೆಸರು, ಪಾಸ್‌ಬುಕ್‌ನಲ್ಲಿ ಒಂದು ಹೆಸರು ಇದ್ದವರು, ಇ-ಕೆವೈಸಿ ಆಗದವರು, ಎನ್‌ಪಿಸಿಐ ಮ್ಯಾಪಿಂಗ್ (ಖಾತೆಗೆ ಆಧಾರ್ ಜೋಡಣೆ) ಆಗಿಲ್ಲ ಅಂತ ಓಡಾಡುವವರು ಎಷ್ಟು ಜನ? ಪಡಿತರ ತಪ್ಪಿದರೆ ಊರಲ್ಲೇ ಅಂಗಡಿಯವರನ್ನು ಹಿಡಿದು ಕೇಳಬಹುದು. ದುಡ್ಡು ತಪ್ಪಿದರೆ ಯಾರನ್ನು ಕೇಳೋದು?

ಪ್ರಯೋಗ ಗೆದ್ದಿದೆ ಅಂದರೆ ಒಂದೇ ವಿಷಯ ನೋಡಿ

ಮಧ್ಯಪ್ರದೇಶದಲ್ಲಿ ಸ್ವಂತ ದುಡಿಮೆಯ ಹೆಂಗಸರ ಸಂಘಟನೆಯಾದ ‘ಸೇವಾ’ (SEWA), ಯುನಿಸೆಫ್ ನೆರವಿನಿಂದ 2011ರ ಹೊತ್ತಿಗೆ ನಡೆಸಿದ ಪ್ರಯೋಗವನ್ನು ಎಲ್ಲರೂ ಉದಾಹರಿಸುತ್ತಾರೆ. ಹಳ್ಳಿಯ ಪ್ರತಿ ದೊಡ್ಡವರಿಗೆ ತಿಂಗಳಿಗೆ ₹200, ಮಗುವಿಗೆ ₹100, ಆಮೇಲೆ ₹300 ಮತ್ತು ₹150. ಮಕ್ಕಳ ಪೌಷ್ಟಿಕತೆ ಸುಧಾರಿಸಿತು, ಜನ ಆಡು ಕೋಳಿ ಕೊಂಡರು, ಕೂಲಿ ಬಿಟ್ಟು ಸ್ವಂತ ಹೊಲದಲ್ಲಿ ಜಾಸ್ತಿ ದುಡಿದರು. ಸೋಮಾರಿಗಳಾಗಲಿಲ್ಲ. ಓದಿದಾಗ ಮನಸ್ಸು ತುಂಬುತ್ತದೆ, ನಿಜ. ಆದರೆ ಆ ಹಳ್ಳಿಗಳಲ್ಲಿ ಪಡಿತರ ನಿಲ್ಲಿಸಿರಲಿಲ್ಲ. ದುಡ್ಡು ಇದ್ದದ್ದರ ಮೇಲೆ ಬಂದದ್ದು. ಕೆನ್ಯಾದಲ್ಲಿ ಹಳ್ಳಿ ಜನರಿಗೆ ದುಡ್ಡು ಕೊಟ್ಟು ನೋಡಿದ ದೊಡ್ಡ ಪ್ರಯೋಗವೂ ಹಾಗೆಯೇ.

ಫಿನ್‌ಲೆಂಡ್ 2017-18ರಲ್ಲಿ 2,000 ನಿರುದ್ಯೋಗಿಗಳಿಗೆ ತಿಂಗಳಿಗೆ 560 ಯುರೋ ಕೊಟ್ಟಾಗಲೂ ಅಲ್ಲಿನ ಸರ್ಕಾರಿ ಆಸ್ಪತ್ರೆ, ಶಾಲೆ ಇದ್ದಲ್ಲೇ ಇದ್ದವು. ಹಾಗಾಗಿ ಯಾರಾದರೂ ಪ್ರಯೋಗದ ಫಲಿತಾಂಶ ತೋರಿಸಿದರೆ ಅಲ್ಲಿ ಏನು ನಿಲ್ಲಿಸಿದ್ದರು ಅಂತ ಮಾತ್ರ ಕೇಳಿ. ಏನೂ ನಿಲ್ಲಿಸಿರದಿದ್ದರೆ ಅದು ದುಡ್ಡಿನ ಪರವಾದ ಸಾಕ್ಷಿ, ಬದಲಿಸುವುದರ ಪರವಾದ ಸಾಕ್ಷಿ ಅಲ್ಲ.

ಮತದ ಲೆಕ್ಕ

ಖಾತೆಗೆ ದುಡ್ಡು ಬಿದ್ದಾಗ ಮೊಬೈಲ್‌ಗೆ ಮೆಸೇಜ್ ಬರುತ್ತದೆ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಇನ್ನೊಬ್ಬ ನರ್ಸ್ ಬಂದರೆ ಬರುವುದಿಲ್ಲ. ರಾಜಕಾರಣಿಗೆ ದುಡ್ಡು ಇಷ್ಟವಾಗುವುದು ಅದಕ್ಕೇ. 2018ರಲ್ಲಿ ತೆಲಂಗಾಣ ರೈತರಿಗೆ ಎಕರೆ ಲೆಕ್ಕದಲ್ಲಿ ದುಡ್ಡು ಕೊಡುವ ರೈತಬಂಧು ತಂದಿತು, ಅದೇ ವರ್ಷ ಅಲ್ಲಿನ ಆಡಳಿತ ಪಕ್ಷ ಟಿಆರ್‌ಎಸ್ ಗೆದ್ದಿತು. 2019ರ ಚುನಾವಣೆ ಮುಂದೆ ಪಿಎಂ ಕಿಸಾನ್ ಬಂತು, ಕಾಂಗ್ರೆಸ್ ಐದು ಕೋಟಿ ಕುಟುಂಬಗಳಿಗೆ ವರ್ಷಕ್ಕೆ ₹72,000 ಕೊಡುವ ನ್ಯಾಯ್ ಯೋಜನೆ ಘೋಷಿಸಿತು. 2023ರಲ್ಲಿ ನಮ್ಮಲ್ಲಿ ಗ್ಯಾರಂಟಿಗಳು, 2024ರಲ್ಲಿ ಮಹಾರಾಷ್ಟ್ರದಲ್ಲಿ ಹೆಣ್ಣುಮಕ್ಕಳಿಗೆ ದುಡ್ಡು ಕೊಡುವ ಲಾಡ್ಕಿ ಬಹೀಣ್.

ಆದರೆ ದುಡ್ಡು ಕೊಟ್ಟವರೆಲ್ಲ ಗೆದ್ದಿಲ್ಲ. ಎಲ್ಲರಿಗೂ ಮೂಲ ಆದಾಯ ಅಂತ ಭರವಸೆ ಕೊಟ್ಟ ಸಿಕ್ಕಿಂನ ಆಡಳಿತ ಪಕ್ಷ ಎಸ್‌ಡಿಎಫ್ 2019ರಲ್ಲಿ ಸೋತಿತು. ರೈತಬಂಧು ತಂದ ಪಕ್ಷ 2023ರಲ್ಲಿ ಸೋತಿತು. ಸ್ವಿಟ್ಜರ್ಲೆಂಡ್‌ನಲ್ಲಿ 2016ರಲ್ಲಿ ಜನರನ್ನೇ ಕೇಳಿದಾಗ ಸುಮಾರು 77% ಬೇಡ ಅಂದರು.

ಗಮನಿಸಿ ನೋಡಿ, ಈ ಭಾರತೀಯ ಯೋಜನೆಗಳಲ್ಲಿ ಯಾವುದೂ ಪಡಿತರವನ್ನೋ ಗೊಬ್ಬರದ ಸಬ್ಸಿಡಿಯನ್ನೋ ನಿಲ್ಲಿಸಿ ಬಂದದ್ದಲ್ಲ. ನಿಲ್ಲಿಸುವ ಪ್ರತಿ ಯೋಜನೆಯ ಹಿಂದೆ ಮತ ಹಾಕುವ ಜನ ಇದ್ದಾರೆ, ಅದಕ್ಕೆ ಭಾಷಣದಲ್ಲಿ ‘ಬದಲಿಗೆ’ ಅಂದದ್ದು ಬಜೆಟ್‌ನಲ್ಲಿ ‘ಜೊತೆಗೆ’ ಆಗುತ್ತದೆ. ಅಪಾಯ ಇರುವುದು ಆಮೇಲೆ. ಖಜಾನೆ ಬಿಗಿಯಾದಾಗ ಗಟ್ಟಿ ದನಿ ಇಲ್ಲದವರ ಯೋಜನೆಗೆ ಮೊದಲು ಕತ್ತರಿ ಬೀಳುತ್ತದೆ. ಗೊಬ್ಬರಕ್ಕೆ ಕೈ ಹಾಕಲು ಎಲ್ಲರಿಗೂ ಭಯ, ಅಂಗನವಾಡಿಗೆ ಕೈ ಹಾಕಲು ಅಷ್ಟು ಭಯ ಇಲ್ಲ. ಆದ್ದರಿಂದ ದುಡ್ಡಿನ ಯೋಜನೆ ಘೋಷಣೆಯಾದ ವರ್ಷ ಮಾತ್ರ ಅಲ್ಲ, ಮುಂದಿನ ಎರಡು ಮೂರು ಬಜೆಟ್‌ಗಳಲ್ಲೂ ಬಿಸಿಯೂಟ, ಹಾಸ್ಟೆಲ್, ಆರೋಗ್ಯ ಕೇಂದ್ರಗಳ ಸಾಲು ತೆಗೆದು ನೋಡಿ. ಮೊತ್ತ ಅಷ್ಟೇ ಇದ್ದರೂ ಬೆಲೆ ಏರಿರುವುದರಿಂದ ಅದು ಕಡಿತವೇ.

ಗ್ರಾಮಸಭೆಯಲ್ಲೋ ಪ್ರಚಾರಕ್ಕೆ ಬಂದವರ ಮುಂದೆಯೋ ಕೇಳುವಾಗ

ಉದ್ದ ಭಾಷಣ ಬೇಡ. ಏನು ನಿಲ್ಲಿಸುತ್ತೀರಿ, ತಲೆಗೆ ಎಷ್ಟು ಕೊಡುತ್ತೀರಿ, ಬೆಲೆ ಜೊತೆ ಏರುತ್ತದಾ, ಯಾರ ಖಾತೆಗೆ ಹೋಗುತ್ತದೆ ಅಂತ ಕೇಳಿ. ಹೆಣ್ಣುಮಕ್ಕಳ ಖಾತೆಗೆ ಹೋಗಲಿ ಅಂತ ಪಟ್ಟು ಹಿಡಿಯಿರಿ. 2016-17ರ ಸಮೀಕ್ಷೆಯೂ ಹೆಣ್ಣುಮಕ್ಕಳಿಂದ ಶುರು ಮಾಡುವ ದಾರಿಯನ್ನು ಹೇಳಿತ್ತು.

ಅದೇ ಸಮೀಕ್ಷೆಯಲ್ಲಿದ್ದ, ಯಾರೂ ಈಗ ಎತ್ತದ ಇನ್ನೊಂದು ಸಲಹೆಯನ್ನು ಗಟ್ಟಿಯಾಗಿ ಕೇಳಿ. ಹಳೆಯ ಯೋಜನೆ ಬೇಕಾ, ಅದರ ಬದಲು ದುಡ್ಡು ಬೇಕಾ ಅನ್ನೋ ಆಯ್ಕೆಯನ್ನು ಪಡೆಯುವವರಿಗೇ ಬಿಡಬೇಕು ಅಂತ. ಬ್ಯಾಂಕ್ ಪಕ್ಕದಲ್ಲಿರುವವರು ದುಡ್ಡು ತೆಗೆದುಕೊಳ್ಳಲಿ, ಕಾಡಂಚಿನ ಊರಿನವರು ಅಕ್ಕಿ ತೆಗೆದುಕೊಳ್ಳಲಿ. ಜೊತೆಗೆ ನನ್ನದೊಂದು ಷರತ್ತು ಇದೆ. ದುಡ್ಡು ಆಯ್ದುಕೊಂಡವರಿಗೆ ಒಂದು ವರ್ಷದೊಳಗೆ ಪಡಿತರಕ್ಕೆ ವಾಪಸ್ ಬರುವ ಹಕ್ಕು ಇರಬೇಕು, ಅಲ್ಲಿಯವರೆಗೆ ಆ ಊರಿನ ನ್ಯಾಯಬೆಲೆ ಅಂಗಡಿಯನ್ನು ಮುಚ್ಚಬಾರದು. ಇದನ್ನು ಗ್ರಾಮಸಭೆಯ ನಡಾವಳಿಯಲ್ಲಿ ಬರೆಸಿ, ಪಿಡಿಒ ಸಹಿ ಆದ ಪ್ರತಿಯನ್ನು ನಿಮ್ಮ ಹತ್ತಿರ ಇಟ್ಟುಕೊಳ್ಳಿ.